ಹೊಟ್ಟಿನ ಒಲೆ, ಹತ್ತಿಯ ಬುಟ್ಟಿ

ನಮ್ಮ ಮನೆತನದಲ್ಲಿ ಒಬ್ಬರು ಬಿ.ಎ. ಆಗುವುದು, ಅದೂ ಒಬ್ಬ ಹೆಣ್ಣುಮಗಳು ಆಗುವುದು, ಎಂದಿಗೂ ಆಗದ ಮಾತು ಎಂದವನು ಕುರುಗೋಡಿನ ನಮ್ಮ ದೊಡ್ಡಪ್ಪ ಬಸಣ್ಣ. “ಒಲಿ ಊದೋ ಬಾಯಿಗೆ ಓದು ಹತ್ತಂಗಿಲ್ಲ” ಎಂದಿದ್ದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಕ್ಕಲಿಗ ಆಕಾಶ ನೋಡಿ ಇವತ್ತು ಮಳೆಯಿಲ್ಲ ಅನ್ನುವಾಗ ಇರುವಂಥ ಖಾತ್ರಿ ಇತ್ತು. ಎಷ್ಟೋ ವರ್ಷ ನೆನಪಾಗದಿದ್ದ ಆ ಮಾತು ಹೋದ ತಿಂಗಳು ಸಿರುಗುಪ್ಪದಿಂದ ಬಳ್ಳಾರಿಗೆ ಬರುವಾಗ ಬಸ್ಸಿನೊಳಗೇ ಬಂದು ಪಕ್ಕಕ್ಕೆ ಕೂತಿತು. ಯಾವುದೋ ಅಕ್ಕಿ ಗಿರಣಿಯ ಹಿಂದೆ ಭತ್ತದ ಹೊಟ್ಟಿನ ಗುಡ್ಡೆ ಹೊಗೆಯಾಡುತ್ತಿತ್ತು. ಕಮಟು ಕಮಟಾದ, ಒಂಚೂರು ಸಿಹಿಯೂ ಇರುವ, ಅನ್ನ ತಳ ಹಿಡಿಯುವ ಮೊದಲು ಬರುವಂಥ ವಾಸನೆ. ಬೇರೆಯವರು ಮೂಗು ಮುಚ್ಚಿಕೊಂಡರು. ನಾನು ಕಿಟಕಿಗೆ ಮುಖ ಕೊಟ್ಟು ಕೂತೆ. ಅದು ನನ್ನ ಅವ್ವನ ಸೀರೆಯ ವಾಸನೆ.

ನಾವಿದ್ದದ್ದು ಬಳ್ಳಾರಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಹಿಂದಿನ ಓಣಿಯ ಒಂದು ಬಾಡಿಗೆ ಮನೆಯಲ್ಲಿ. ಮುಂದೊಂದು ಕಟ್ಟೆ, ಒಳಗೊಂದು ಕೋಣೆ, ಅದರ ಮೇಲೊಂದು ಬಿದಿರಿನ ಅಟ್ಟ, ಮನೆಯೆಂದರೆ ಅಷ್ಟೆ. ಅಪ್ಪ ಜಿನ್ನಿನಲ್ಲಿ ಹತ್ತಿ ಒತ್ತುವ ಕೂಲಿ. ಸಂಜೆ ಬಂದರೆ ಹುಬ್ಬಿನ ಮೇಲೆಲ್ಲ ಅರಳೆ, ಮಾತು ಕಡಿಮೆ, ಕೆಮ್ಮು ಹೆಚ್ಚು. ಅವ್ವ ಹಂಪವ್ವ ಸಿರುಗುಪ್ಪದವಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿಗೆಯ ರೇಟು ಏರಿ, ಸೀಮೆಎಣ್ಣೆಗೆ ಸಾಲು ನಿಲ್ಲುವಂತಾದಾಗ ಅವಳಿಗೆ ತವರಿನ ಹೊಟ್ಟು ನೆನಪಾಯಿತು. ಅಲ್ಲಿಯ ಗಿರಣಿಯವರು ಅದನ್ನು ಬೀದಿಗೆ ಚೆಲ್ಲುತ್ತಿದ್ದರು. ಅಕ್ಕಿ ಹೇರಿಕೊಂಡು ಬಳ್ಳಾರಿಗೆ ಬರುವ ಬಂಡಿಗಳಲ್ಲಿ ನನ್ನ ಸೋದರಮಾವ ಆಗಾಗ ಒಂದೊಂದು ಚೀಲ ಹೊಟ್ಟು ಹಾಕಿ ಕಳಿಸತೊಡಗಿದ. ಅವ್ವ ಒಂದು ಹಳೆಯ ಸೀಮೆಎಣ್ಣೆ ಡಬ್ಬಿಯನ್ನು ತಗಡಿನ ಕೆಲಸದ ಸಾಬರ ಹತ್ತಿರ ಒಯ್ದು ಬುಡದ ಹತ್ತಿರ ಪಕ್ಕಕ್ಕೊಂದು ತೂತು ಕೊರೆಸಿದಳು. ತೂತಿನೊಳಗೊಂದು ಕೋಲು ತೂರಿಸಿ, ನಟ್ಟನಡುವೆ ಖಾಲಿ ಸೀಸೆ ನಿಲ್ಲಿಸಿ, ಸುತ್ತಲೂ ಹೊಟ್ಟು ತುಂಬಿ ಗಟ್ಟಿಯಾಗಿ ಜಡಿಯಬೇಕು. ಆಮೇಲೆ ಕೋಲನ್ನೂ ಸೀಸೆಯನ್ನೂ ಮೆಲ್ಲಗೆ ತಿರುವಿ ಎಳೆದರೆ ಹೊಟ್ಟಿನೊಳಗೆ ಒಂದು ಗವಿ ಉಳಿಯುತ್ತದೆ. ಸೀಸೆ ಎಳೆಯುವಾಗ ಅವ್ವ ಉಸಿರು ಬಿಗಿಹಿಡಿಯುತ್ತಿದ್ದಳು. ಗವಿ ಕುಸಿಯದೆ ನಿಂತಿತೆಂದರೆ ಒಂದು ಚೂರು ಬೆಂಕಿ ಇಟ್ಟರೆ ಸಾಕು, ಒಲೆ ತನ್ನಷ್ಟಕ್ಕೆ ತಾನು ಹೊತ್ತುಗಟ್ಟಲೆ ಕೆಂಡದಂತೆ ಉರಿಯುತ್ತಿತ್ತು. ಅದನ್ನು ಊದುವ ಕೆಲಸವೇ ಇರಲಿಲ್ಲ. ಹಾಗಾಗಿ ನಾನು ಅದರ ಪಕ್ಕದಲ್ಲೇ ಕೂತು ಪಾಠ ಒಪ್ಪಿಸುತ್ತಿದ್ದೆ, ಅರ್ಥವಾದವಳ ಹಾಗೆ ಅವ್ವ ತಲೆ ಆಡಿಸುತ್ತಿದ್ದಳು.

ಹತ್ತಿಯ ಬುಟ್ಟಿಯೂ ಅವಳದೇ ಬುದ್ಧಿ. ಜಿನ್ನಿನ ಕಸದ ಹತ್ತಿಯನ್ನು ಗುಡಿಸಿ ಒಯ್ಯಲು ಕೂಲಿಯವರಿಗೆ ಅಡ್ಡಿ ಇರಲಿಲ್ಲ. ಅಪ್ಪ ತಂದ ಆ ಹತ್ತಿಯನ್ನು ಗೋಣಿಯಲ್ಲಿ ತುಂಬಿ ಹೊಲಿದು, ಒಂದು ದೊಡ್ಡ ಬಿದಿರು ಬುಟ್ಟಿಯ ಒಳಮೈಗೆಲ್ಲ ಹಚ್ಚಿದಳು; ಮೇಲೆ ಮುಚ್ಚಲು ದಿಂಬಿನಂಥದೊಂದು. ಅರೆಬೆಂದ ಬೇಳೆಯ ಗಡಿಗೆಯನ್ನು ಅದರೊಳಗಿಟ್ಟು ಮುಚ್ಚಿಬಿಟ್ಟರೆ ಬೆಂಕಿಯಿಲ್ಲದೆ ಬೇಯುತ್ತಿತ್ತು, ಅಪ್ಪ ಬರುವವರೆಗೂ ಬಿಸಿ ಇರುತ್ತಿತ್ತು. ಇಡುವ ಮುಂಚೆ ಗಡಿಗೆಯ ಅಂಡಿಗೆ ಒದ್ದೆ ಅರಿವೆ ಸವರಬೇಕು. ಮಸಿಯಲ್ಲಿ ಹೊಟ್ಟಿನ ಕಿಡಿ ಅಂಟಿರುತ್ತದೆ. ಚಹಾಪುಡಿ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಚಳಿಗಾಲಕ್ಕೆ ಕೊತ್ತಂಬರಿ ಬೀಜ ಹುರಿದು ಕುಟ್ಟಿದ ಬೆಲ್ಲದ ಕಷಾಯ, ಬೇಸಿಗೆಗೆ ಹುಳಿ ಬಂದ ಜೋಳದ ಅಂಬಲಿ, ನೆಂಟರು ಬಂದರೆ ಸುಗಂಧಿ ಬೇರು ಕುದಿಸಿ ನಿಂಬೆ ಹಿಂಡಿದ ಶರಬತ್ತು. “ಕೊಳ್ಳದ್ದೆಲ್ಲ ಸಾಲಿಗಿ” ಎನ್ನುವುದು ಅವ್ವನ ಕಟ್ಟಳೆ. ಕಟ್ಟಿಗೆಗೆ, ಚಹಾಕ್ಕೆ, ಅಂಗಡಿಯ ತಿನಿಸಿಗೆ ಹೋಗಬೇಕಾದದ್ದು ನನ್ನ ಫೀಸಿಗೆ, ಪಾಟಿಗೆ, ಪುಸ್ತಕಕ್ಕೆ ಹೋಯಿತು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು. ಇಲ್ಲದಿದ್ದರೆ ನೀವು ಈ ಅಕ್ಷರ ಓದುತ್ತಿರಲಿಲ್ಲವೇನೋ.

ಹೈಸ್ಕೂಲು ಮುಗಿಯುವ ಹೊತ್ತಿಗೆ ಅವ್ವನಿಗೆ ಗೊತ್ತಾಗಿತ್ತು, ಕಾಲೇಜಿನ ಫೀಸು ಉಳಿತಾಯದಲ್ಲಿ ಹುಟ್ಟುವಂಥದಲ್ಲ ಎಂದು. ರೇಷನ್ನಿನಲ್ಲಿ ಬಂದ ಗೋಧಿಯನ್ನು ನಮ್ಮ ಬಾಯಿಗೆ ಹಾಕದೆ ಕೂಡಿಟ್ಟು ಆ ಬೇಸಿಗೆ ಶಾವಿಗೆ ಹೊಸೆಯಲು ಕೂತಳು. ಗೀರುಗಳಿರುವ ಉದ್ದನೆಯ ಮಣೆ, ಒಂದು ತುದಿ ಕಟ್ಟೆಯ ಮೇಲೆ, ಇನ್ನೊಂದು ನೆಲಕ್ಕೆ. ಮೇಲೆ ಕೂತವಳು ಕಣಕವನ್ನು ಅಂಗೈಯಿಂದ ತಿಕ್ಕಿ ಇಳಿಸುತ್ತ ಹೋದರೆ ಕೆಳಗೆ ಕೂತವಳು ಎಳೆ ಹಿಡಿದು ಕೋಲಿಗೆ ಹಾಕಬೇಕು. ಇದು ಒಬ್ಬರ ಕೆಲಸವಲ್ಲ. ಓಣಿಯ ಹೆಂಗಸರೆಲ್ಲ ಸರದಿಯ ಮೇಲೆ ಒಬ್ಬರ ಮನೆಗೆ ಒಬ್ಬರು ಹೋಗಿ ಹೊಸೆದುಕೊಡುತ್ತಿದ್ದರು. ಅದಕ್ಕೆ ಕೂಲಿಯಿಲ್ಲ, ಮುಯ್ಯಿ. ಇವತ್ತು ನೀನು ನನ್ನ ಮಣೆಗೆ ಬಂದರೆ ನಾಳೆ ನಾನು ನಿನ್ನ ಮಣೆಗೆ. ಆದರೆ ಒಂದು ಬೇಸಿಗೆಗೆ ಒಂದು ಮನೆಗೆ ಒಂದೇ ಸರದಿ, ಎರಡನೆಯ ಸಲ ಕೇಳುವುದು ನಾಚಿಕೆಗೇಡು. ಬಜಾರಿನ ಶೆಟ್ಟರು ಶ್ರಾವಣದ ಮಾರಾಟಕ್ಕೆಂದು ಅವ್ವನ ಶಾವಿಗೆಯನ್ನಷ್ಟೂ ಒಂದೇ ಸಲಕ್ಕೆ ಕೊಳ್ಳುವ ಮಾತು ಕೊಟ್ಟಿದ್ದರು. ಒಣಗಿದ ಶಾವಿಗೆ ಅಟ್ಟ ಏರಿತು. ನನ್ನ ಕಾಲೇಜೆಲ್ಲ ಅಲ್ಲಿ, ಹಳೆ ಸೀರೆಯ ಗಂಟುಗಳಲ್ಲಿ ಕೂತಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಅದು. ನಾನು ಪಾಸಾದ ಸುದ್ದಿ ಕುರುಗೋಡಿಗೆ ಮುಟ್ಟಿದ್ದೇ ತಡ, ದೊಡ್ಡಪ್ಪ ಬೆಳಗಿನಲ್ಲೇ ಬಂದಿಳಿದ. ಚಹಾ ಕೇಳಿದ, ಇಲ್ಲವೆಂದಾಗ ನಕ್ಕ, ಕೊಟ್ಟ ಶರಬತ್ತನ್ನು ಕುಡಿದು ಲೋಟ ಮತ್ತೆ ಮುಂದಕ್ಕೆ ಸರಿಸಿದ. ಭಾವ ಬಂದಿದ್ದಾನೆಂದು ಅವ್ವ ಅವಸರದಲ್ಲಿ ಅನ್ನಕ್ಕಿಟ್ಟು, ಅರ್ಧ ಕುದಿದ ಗಡಿಗೆಯನ್ನು ಬುಟ್ಟಿಯೊಳಗಿಟ್ಟು ಹೊಸ್ತಿಲಿಗೆ ಬಂದಳು. ಅಂಡಿಗೆ ಒದ್ದೆ ಅರಿವೆ ಸವರುವುದು ಆ ಒಂದು ದಿನ ತಪ್ಪಿತು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಕುರುಗೋಡಿನ ಒಂದು ಗಂಡಿನ ವಿಷಯ ತೆಗೆದ. ಹೊಲ ಇದೆ, ಎತ್ತಿದೆ, ಹುಡುಗನಿಗೆ ಬೀಡಿ ಚಟವೂ ಇಲ್ಲ. ಎದುರಿಗೆ ನಿಂತು ಭಾವನೊಡನೆ ಎಂದೂ ಮಾತಾಡದಿದ್ದ ಅವ್ವ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಆಕಿ ಇನ್ನೂ ಓದಾಕ ಹೊಂಟಾಳ ಭಾವ, ಲಗ್ನ ಆಮ್ಯಾಗ, ಎಂದಳು.

“ರೊಕ್ಕ ಎಲ್ಲಿಂದ ತರ್ತಿ? ನಿನ್ನ ಗಂಡ ಹತ್ತಿ ತಿಂತಾನ, ನೀ ಹೊಟ್ಟು ತಿಂತಿ.”

“ಅಟ್ಟದ ಮ್ಯಾಲೆ ಐತಿ.”

ಆ ಮಾತು ಬೆಳೆಯುತ್ತಿದ್ದ ಹಾಗೇ ಅಪ್ಪ ಊಟಕ್ಕೆ ಬಂದ. ಓಣಿಯ ತುದಿಯಲ್ಲೇ ಅವನಿಗೆ ಸುಡುವ ಹತ್ತಿಯ ವಾಸನೆ ಹತ್ತಿತ್ತು, ಓಡಿ ಬರುತ್ತಿದ್ದ. ಹತ್ತಿ ಒಳಗೊಳಗೇ ಉರಿಯುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಜಿನ್ನಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ಮೂಟೆಗೆ ಕಿಡಿ ಬಿದ್ದರೆ ಅದನ್ನು ಬಿಚ್ಚಬಾರದು, ಹಾಗೇ ಬಯಲಿಗೆ ಎಳೆಯಬೇಕೆಂಬುದು ಅಲ್ಲಿಯ ಕೂಸಿಗೂ ಗೊತ್ತು. ದೊಡ್ಡಪ್ಪ ಹೊಲದ ಮನುಷ್ಯ. ಒಳಗೆ ಹೊಗೆ ಕಂಡು ನಮಗಿಂತ ಮೊದಲು ನುಗ್ಗಿದವನೇ ಅನ್ನ ಉಳಿಸುತ್ತೇನೆಂದು ಬುಟ್ಟಿಯ ಮೇಲಿನ ದಿಂಬು ಎತ್ತಿದ. “ತೆಗೀಬ್ಯಾಡಣ್ಣಾ” ಎಂದು ಅಪ್ಪ ಬಾಗಿಲಿನಿಂದ ಕೂಗುವುದಕ್ಕೂ ಗಾಳಿ ಕುಡಿದ ಹತ್ತಿ ಭಗ್ಗೆಂದು ಅಟ್ಟಕ್ಕೆ ಏರುವುದಕ್ಕೂ ಸರಿಹೋಯಿತು. ಓಣಿಯೆಲ್ಲ ನೀರು ಹೊತ್ತು ತಂದಿತು. ಮನೆ ಉಳಿಯಿತು. ಶಾವಿಗೆಯಲ್ಲಿ ಸುಟ್ಟದ್ದು ಸುಟ್ಟು, ಉಳಿದದ್ದು ನೀರು ಕುಡಿದು ಹಿಟ್ಟಾಯಿತು. ಸುಟ್ಟ ಅಂಗೈಗೆ ಅವ್ವನೇ ಎಣ್ಣೆ ಸವರಿ ಕೊಟ್ಟ ಮೇಲೆ ದೊಡ್ಡಪ್ಪ ಹೊರಟು ನಿಂತ. ಬೇಕೆಂದು ಮಾಡಿದ್ದಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ದೊಡ್ಡಪ್ಪ, ಓದು ಬೇಡವೆಂದು ಶಿವನೇ ಹೇಳಿಬಿಟ್ಟನಲ್ಲ, ಅಮಾವಾಸ್ಯೆ ಕಳೆಯಲಿ, ಗಂಡಿನ ಕಡೆಯವರನ್ನು ಕರೆದುಕೊಂಡು ಬರುತ್ತೇನೆ ಎಂದ. ಅವ್ವ ಕಸಬರಿಗೆ ಹಿಡಿದು ಕಪ್ಪು ನೀರು ಹೊರಗೆ ತಳ್ಳುತ್ತಿದ್ದಳು.

ಮರುದಿನ ಹೊತ್ತು ಏರುವ ಮುಂಚೆ ಎದುರು ಮನೆಯ ಹುಸೇನಬಿ ಒಂದು ಮೊರದ ತುಂಬ ಗೋಧಿ ರವೆ ತಂದು ಕಟ್ಟೆಯ ಮೇಲಿಟ್ಟಳು. ಅವಳ ಹಿಂದೆ ಇನ್ನಷ್ಟು ಹೆಂಗಸರು, ಒಬ್ಬೊಬ್ಬರ ಸೆರಗಿನಲ್ಲಿ ಒಂದೊಂದಿಷ್ಟು. ಇಬ್ಬರು ಆಗಲೇ ಮಣೆ ಎತ್ತಿ ನಿಲ್ಲಿಸುತ್ತಿದ್ದರು. ಅವ್ವ ಬೇಡವೆಂದಳು. ತನ್ನ ಸರದಿ ಮುಗಿದಿದೆ, ಎರಡನೆಯ ಮುಯ್ಯಿಯನ್ನು ತಾನು ಯಾವ ಜನ್ಮಕ್ಕೆ ತೀರಿಸಲಿ ಎಂದು ಬಾಗಿಲಿಗೆ ಅಡ್ಡ ನಿಂತಳು.

“ನಿನ್ನ ಯಾರು ಕೇಳ್ಯಾರ ಹಂಪವ್ವಕ್ಕ?” ಎಂದಳು ಹುಸೇನಬಿ, ಕಣಕಕ್ಕೆ ನೀರು ಚಿಮುಕಿಸುತ್ತ. “ಈ ಮುಯ್ಯಿ ನಿನ್ನ ಮಗಳ ಮ್ಯಾಲೆ. ನಮ್ಮ ಹುಡಿಗ್ಯಾರಿಗೆ ನಾಕು ಅಕ್ಷರ ಕಲಸ್ಲಿ. ತೀರಸ್ದಂಗ ಲಗ್ನ ಆಗಿ ಹೋದ್ಲಂದ್ರ ಕುರುಗೋಡಿಗೇ ಬಂದು ಕುಂದರ್ತೀವಿ, ಆಕಿ ಮನಿ ಅಂಬಲಿ ಕುಡಕಂತ.”

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ, ಬಾಗಿಲು ಬಿಟ್ಟು ಬಂದು ಮಣೆಯ ಕೆಳತುದಿಯಲ್ಲಿ ಕೂತು ಎಳೆಗೆ ಕೈ ಒಡ್ಡಿದಳು. ಬಳ್ಳಾರಿಯ ಬಿಸಿಲು ಉಪಕಾರಿಯಾಗಿ ಕಂಡದ್ದು ನನಗೆ ಅದೊಂದೇ ಸಲ. ಮೋಡ ಕಟ್ಟುವ ಮೊದಲು ಶಾವಿಗೆ ಒಣಗಿತು, ಶೆಟ್ಟರು ಮಾತು ಉಳಿಸಿಕೊಂಡರು, ಗಂಡಿನ ಕಡೆಯವರು ಬರುವುದರೊಳಗೆ ನನ್ನ ಹೆಸರು ಕಾಲೇಜಿನ ಪಟ್ಟಿಯಲ್ಲಿತ್ತು. ಅಂದಿನಿಂದ ಕಾಲೇಜು ಬಿಟ್ಟು ಬಂದ ಮೇಲೆ ನಮ್ಮ ಕಟ್ಟೆಯ ಮೇಲೆ ಓಣಿಯ ಹುಡುಗಿಯರು ಮರಳು ಹರವಿಕೊಂಡು ಅಕ್ಷರ ತಿದ್ದಿದರು. ಕೆಲವರು ನಡುವೆಯೇ ಮದುವೆಯಾಗಿ ಹೋದರು. ಹುಸೇನಬಿಯ ಮಗಳು ಮಾತ್ರ ಕೊನೆತನಕ ಬಿಡಲಿಲ್ಲ.

ಆ ವರ್ಷಗಳಲ್ಲಿ ಅವ್ವ ಮತ್ತೊಂದು ಬುಟ್ಟಿ ಹೊಲಿದಳು, ಮತ್ತೊಂದು ಡಬ್ಬಿ ಕೊರೆಸಿದಳು. ಊಟಕ್ಕೆ ಯಾವಾಗಲೂ ಅವಳೇ ಕೊನೆ, ನಾವಿಬ್ಬರೂ ಉಂಡೆದ್ದ ಮೇಲೆ. ಬರಬರುತ್ತ ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಸೀಸೆ ಎಳೆಯುವಾಗ ಕೈ ನಡುಗಿ ಗವಿ ಕುಸಿಯುತ್ತಿತ್ತು, ಮತ್ತೆ ಮೊದಲಿನಿಂದ ತುಂಬುತ್ತಿದ್ದಳು. ದವಾಖಾನೆಯ ಡಾಕ್ಟರು, ರೋಗವೇನೂ ಇಲ್ಲ, ನಿಶ್ಶಕ್ತಿ ಅಷ್ಟೆ ಎಂದರು. ರೋಗವಿಲ್ಲ ಎಂಬುದನ್ನಷ್ಟೇ ಕೇಳಿಸಿಕೊಂಡು ನಾವು ಸಮಾಧಾನಪಟ್ಟೆವು. ಕೊನೆಯ ವರ್ಷದ ಚಳಿಗಾಲದಲ್ಲಿ, ನನ್ನ ಪರೀಕ್ಷೆ ಇನ್ನೂ ದೂರವಿರುವಾಗಲೇ, ಅವ್ವ ಹೋದಳು. ಮಣ್ಣಿಗೆ ಬಂದ ದೊಡ್ಡಪ್ಪ ತನ್ನ ಹಳೆಯ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಹೊರಡುವಾಗ ಅಪ್ಪನನ್ನು ಪಕ್ಕಕ್ಕೆ ಕರೆದು ನನ್ನ ಪರೀಕ್ಷೆಯ ಫೀಸು ಕಟ್ಟಿದೆಯೇ ಎಂದು ಮಾತ್ರ ಕೇಳಿದ. ಇಂದು ಆ ದೊಡ್ಡಪ್ಪ ಇಲ್ಲ, ಹುಸೇನಬಿ ಇಲ್ಲ. ಜಿನ್ನಿನ ಜಾಗದಲ್ಲಿ ಅಂಗಡಿಗಳಿವೆ. ನಮ್ಮ ಕಟ್ಟೆ ಎಲ್ಲಿತ್ತೆಂದು ಕೇಳಿದರೆ ತೋರಿಸಲು ನನಗೂ ಆಗುವುದಿಲ್ಲ.

ಮದ್ರಾಸು ವಿಶ್ವವಿದ್ಯಾಲಯದಿಂದ ನನ್ನ ಬಿ.ಎ. ಸರ್ಟಿಫಿಕೇಟು ಟಪಾಲಿನಲ್ಲಿ ಬಂದ ದಿನ ನಾನು ಅಪ್ಪನ ದಾರಿ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಅವನು ಬಂದು, ವಿಷಯ ತಿಳಿದು, ಕೈಕಾಲು ತೊಳೆದು, ಕೈಯನ್ನು ಧೋತರಕ್ಕೆ ಚೆನ್ನಾಗಿ ಒರೆಸಿಕೊಂಡು ಎರಡೂ ಅಂಗೈ ಮುಂದೆ ಚಾಚಿದ. ನಾನು ಕೊಟ್ಟೆ. ನನ್ನ ಹೆಸರು ಯಾವುದೆಂದು ಕೇಳಿದ, ತೋರಿಸಿದೆ. ಬೆರಳು ಅದರ ಹತ್ತಿರ ಒಯ್ದ, ಮುಟ್ಟಲಿಲ್ಲ. ಕಾಗದದಿಂದ ಕಣ್ಣೆತ್ತದೆ ಹೇಳಿದ:

“ದಿನಾ ಕೇಳ್ತಿದ್ನೆವ್ವಾ, ನಿಮ್ಮವ್ವನ್ನ, ಉಂಡ್ಯಾ ಅಂತ. ಉಂಡೀನಿ ಅಂತಿದ್ಲು. ನಾ ನಂಬಿಬಿಟ್ನಿ.”