ಬರ್ತೀನಿ ಎಂದು ಹೋದವನು

ಸೇಡಿನ ಸಿನಿಮಾಗಳಲ್ಲಿ ಸೇಡು ತೀರಿಸಿಕೊಳ್ಳಲು ಬಂದವನು ಎಂದೂ ಕಾಲಿಂಗ್ ಬೆಲ್ ಒತ್ತುವುದಿಲ್ಲ. ನೀವು ಗಮನಿಸಿದ್ದೀರೋ ಇಲ್ಲವೋ, ನಾನು ಗಮನಿಸಿದ್ದೇನೆ. ಮಾಡದ ತಪ್ಪಿಗೆ ಹತ್ತು ಹನ್ನೆರಡು ವರ್ಷ ಜೈಲಿನಲ್ಲಿ ಕೊಳೆತು, ಗಡ್ಡ ಬೆಳೆಸಿ, ತೋಳು ಗಟ್ಟಿ ಮಾಡಿಕೊಂಡು ಹೊರಬಂದ ನಾಯಕ ಹಿತ್ತಿಲಿನಿಂದ ನುಗ್ಗುತ್ತಾನೆ, ಕಿಟಕಿ ಹಾರುತ್ತಾನೆ, ಇಲ್ಲವೇ ಮನೆಯ ಯಜಮಾನ ತರಕಾರಿ ಚೀಲ ಹಿಡಿದು ಬರುವಷ್ಟರಲ್ಲಿ ಅವನದೇ ಆರಾಮಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾನೆ. ಬೆಲ್ ಒತ್ತಿ, ಚಪ್ಪಲಿ ಹೊರಗೆ ಬಿಟ್ಟು, 'ಅದೀರೇನ್ರಿ?' ಎಂದು ಕೇಳಿ ಒಳಗೆ ಬಂದ ಹಂತಕನನ್ನು ನಾನಂತೂ ಈವರೆಗೆ ಕಂಡಿಲ್ಲ. ಆದ್ದರಿಂದ ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಎರಡನೇ ಅಂತಸ್ತಿನ ಮನೆಯ ಬೆಲ್ಲು ಹಕ್ಕಿಯ ದನಿಯಲ್ಲಿ ಕಿಚಿಗುಟ್ಟಿದಾಗಲೆಲ್ಲ ನನಗೆ ಬೆಲ್ಲ ತಿಂದಷ್ಟು ಸಮಾಧಾನವಾಗುತ್ತಿತ್ತು. ಬಂದವನು ಹಾಲಿನವನಿರಬಹುದು, ಗ್ಯಾಸಿನವನಿರಬಹುದು, ಗಣಪತಿಯ ಚಂದಾ ಕೇಳುವವನೇ ಇರಬಹುದು, ಅವನಂತೂ ಅಲ್ಲ.

'ಅವನು' ಯಾರೆಂದು ಹೇಳುವ ಮೊದಲು ನನ್ನ ವ್ಯಸನದ ವಿಷಯವನ್ನು ನಿವೇದಿಸಿಕೊಂಡುಬಿಡುತ್ತೇನೆ. ನಾರಾಯಣಗೂಡದ ಕಾಲೇಜೊಂದರಲ್ಲಿ ಮೂರು ದಶಕ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ, ರಕ್ತ ಕಂಡರೆ ತಲೆ ಸುತ್ತುವ, ಹಲ್ಲಿಯನ್ನು ಓಡಿಸಲೂ ಗಂಡನನ್ನು ಕರೆಯುವ ಹೆಂಗಸು ನಾನು. ಅಂಥವಳು ಮಧ್ಯಾಹ್ನದ ಊಟ ಮುಗಿಸಿ, ಕಿಟಕಿಯ ಪರದೆ ಎಳೆದು, ಹೆಸರು ಕೇಳಿದರೇ ಹೌಹಾರುವಂಥ ಸೇಡಿನ ಸಿನಿಮಾಗಳನ್ನು ಒಂದಾದಮೇಲೊಂದು ನೋಡುತ್ತೇನೆಂದರೆ ನೆರೆಮನೆಯವರು ನಂಬುವುದಿಲ್ಲ. ಅವರ ಪ್ರಕಾರ ನಾನು ಆ ಹೊತ್ತಿನಲ್ಲಿ ಪಾರಾಯಣ ಮಾಡುತ್ತಿರುತ್ತೇನೆ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ಈಗ ಸ್ಟೇಷನ್ನಿನ ಬೆಂಚಿನ ಮೇಲೆ ಹಳೆಯ ಸ್ನೇಹಿತರೊಡನೆ ರೈಲುಗಳ ಹೊತ್ತು ನೋಡುತ್ತ ಕೂರುವ ನನ್ನ ಪತಿ, ಹೊರಡುವ ಮುನ್ನ ಒಮ್ಮೆ ಟಿ.ವಿ. ಪರದೆಯ ಕಡೆ ಕಣ್ಣು ಹಾಯಿಸಿ, "ಏನಿದು ದಿನಾ ಬಡದಾಟ! ಒಂದು ಭಜನಿನರ ಹಚ್ಚಬಾರದ?" ಎಂದು ಗೊಣಗುತ್ತಾರೆ. ನಾನು ಅದನ್ನು ರಂಜನೆಗಾಗಿ ನೋಡುತ್ತಿಲ್ಲ, ಸಂಶೋಧನೆಗಾಗಿ ನೋಡುತ್ತಿದ್ದೇನೆ ಎಂದು ಅವರಿಗೆ ಹೇಳಲು ನನಗೆ ಏಳು ವರ್ಷ ಬಾಯಿ ಬರಲಿಲ್ಲ.

ಈ ಜಾತಿಯ ಸಿನಿಮಾಗಳಲ್ಲಿ ಒಂದು ಪಟ್ಟಿ ಇರುತ್ತದೆ. ಜೈಲಿನ ಗೋಡೆಯ ಮೇಲೋ ಮಡಿಸಿದ ಕಾಗದದಲ್ಲೋ ನಾಯಕ ನಾಲ್ಕೈದು ಹೆಸರು ಬರೆದಿಟ್ಟುಕೊಂಡಿರುತ್ತಾನೆ. ಸುಳ್ಳು ಸಾಕ್ಷಿ, ಲಂಚ ತಿಂದ ಇನ್ಸ್‌ಪೆಕ್ಟರ್, ಕೈಕೊಟ್ಟ ವಕೀಲ, ಬೆನ್ನಿಗೆ ಚೂರಿ ಹಾಕಿದ ಸ್ನೇಹಿತ. ಒಂದೊಂದು ಹೆಸರಿಗೆ ಗೀಟು ಬೀಳುವಾಗಲೂ ನಾನು ಎದೆಯ ಮೇಲೆ ಕೈ ಇಟ್ಟುಕೊಂಡು, ಕೊನೆಯ ಹೆಸರು ಬರುವವರೆಗೆ ಕಾಯುತ್ತೇನೆ. ತೆಲುಗು, ಹಿಂದಿ, ತಮಿಳು, ಕೊರಿಯನ್, ಯಾವ ಭಾಷೆಯ ಯಾವ ಪಟ್ಟಿಯಲ್ಲೂ ನಾನು ಒಂದೇ ಒಂದು ದಿನ ಮಾಡಿದ ಕಸುಬಿನವರು ಇದುವರೆಗೆ ಕಾಣಿಸಿಕೊಂಡಿಲ್ಲ. ಕಥೆ ಬರೆಯುವವರಿಗೆ ಭಾಷಾಂತರಕಾರರ ನೆನಪೇ ಬರುವುದಿಲ್ಲ. ಅನುವಾದಕ್ಕೂ ಅಪವಾದಕ್ಕೂ ನಡುವೆ ಒಂದೇ ಅಕ್ಷರದ ಅಂತರವಷ್ಟೇ ಇದೆಯೆಂಬುದು ಅವರಿಗೆ ತಿಳಿದಿಲ್ಲ, ನನಗೆ ತಿಳಿದಿದೆ.

ಏಳು ವರ್ಷದ ಹಿಂದಿನ ಮಾತು. ನಮ್ಮ ಕಟ್ಟಡದ ಕೆಳಮನೆಯಲ್ಲಿರುವ ತೆಲುಗು ವಕೀಲರು ಒಂದು ಬೆಳಿಗ್ಗೆ ಬಂದು, ಕೋರ್ಟಿನಲ್ಲಿ ಕನ್ನಡದ ಕೂಲಿಯವನೊಬ್ಬನ ಕೇಸಿದೆ, ಅವನ ಮಾತು ಯಾರಿಗೂ ಸರಿಯಾಗಿ ಅರ್ಥವಾಗುತ್ತಿಲ್ಲ, ಒಂದು ಗಂಟೆ ಬಂದು ಹೋಗಿ ಮೇಡಮ್ ಎಂದು ಕೇಳಿಕೊಂಡರು. ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿದ್ದೂ ಮನೆಯಲ್ಲಿ ಕನ್ನಡ ಉಳಿಸಿಕೊಂಡ ಹೆಮ್ಮೆ ನಮ್ಮದು. ಸರಿ, ಇಳಕಲ್ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ಸ್ವಂತ ಮದುವೆಗೆ ಹೊರಟಷ್ಟೇ ಸಂಭ್ರಮದಿಂದ ಹೊರಟೆ.

ಕಟಕಟೆಯಲ್ಲಿದ್ದವನ ಹೆಸರು ಶರಣಪ್ಪ. ಯಾದಗಿರಿ ಕಡೆಯವನು, ಟೈಲ್ಸ್ ಹಾಕುವ ಕೆಲಸ. ಗುತ್ತಿಗೆದಾರನ ಬೀಗ ಹಾಕಿದ ಶೆಡ್ಡಿನಿಂದ ಟೈಲ್ಸ್ ಕೊರೆಯುವ ಮಷೀನ್ ಕದ್ದಿದ್ದಾನೆಂಬುದು ಆರೋಪ. ಮ್ಯಾಜಿಸ್ಟ್ರೇಟರ ಮುಂದೆ ಗುಮಾಸ್ತರು ಓದಿದ ಆರೋಪ ಮಾರುದ್ದದ ಒಂದು ಇಂಗ್ಲಿಷ್ ವಾಕ್ಯ. ಅದರಲ್ಲಿ ದುರುದ್ದೇಶ, ಒಪ್ಪಿಗೆಯಿಲ್ಲದೆ, ಬೀಗ ಮುರಿದು ಎಂಬೆಲ್ಲ ಉಪವಾಕ್ಯಗಳು ರೈಲುಡಬ್ಬಿಗಳ ಹಾಗೆ ಒಂದಕ್ಕೊಂದು ತಗುಲಿಕೊಂಡಿದ್ದವು. ಮೂವತ್ತು ವರ್ಷ ಮಕ್ಕಳಿಗೆ ಸಾರಾಂಶ ಬರೆಸಿದ ಕೈ ನನ್ನದು. ಅಷ್ಟನ್ನೂ ಹಿಂಡಿ, ಸೋಸಿ, ತಿಳಿಗನ್ನಡದಲ್ಲಿ ಕೇಳಿದೆ: "ಈ ಮಷೀನ್ ನೀನಽ ತೊಗೊಂಡಿ ಏನಪಾ?"

ಅವನ ಮುಖ ಅರಳಿತು. "ಹೌದ್ರೀ ಅಕ್ಕೋರ, ನಾನಽ ತೊಗೊಂಡೀನ್ರಿ," ಅಂದ.

ಒಪ್ಪಿಕೊಂಡಿದ್ದಾನೆ ಎಂದು ನಾನು ಶುದ್ಧ ಇಂಗ್ಲಿಷಿನಲ್ಲಿ ಹೇಳಿದೆ. ಪೆನ್ನು ಓಡಿತು. "ಚೀಟಿ ಸೈತ ಐತ್ರಿ," ಎಂದು ಅವನು ಮತ್ತೊಂದು ಮಾತು ಸೇರಿಸಿದ. ಯಾವ ಚೀಟಿ, ಏನು ಚೀಟಿ, ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಮುಂದಿನ ಕೇಸಿನ ಹೆಸರು ಕೂಗಿದರು. ಜವಾನ ನನಗೆ ಇಳಿಯುವಂತೆ ಸನ್ನೆ ಮಾಡಿದ. ಅರ್ಥವಾಗದ ಒಂದು ಚೀಟಿಗಾಗಿ ನ್ಯಾಯಾಲಯವನ್ನು ನಿಲ್ಲಿಸುವುದು ಅಸಭ್ಯವೆನಿಸಿ ನಾನು ಸೀರೆಯ ನಿರಿಗೆ ಎತ್ತಿಕೊಂಡು ಇಳಿದುಬಿಟ್ಟೆ. ಅಷ್ಟರೊಳಗೇ ಒಂದೂವರೆ ವರ್ಷದ ಶಿಕ್ಷೆ ಬರೆದಾಗಿತ್ತು. ಪೊಲೀಸಿನವನು ತೋಳು ಹಿಡಿದಾಗ ಶರಣಪ್ಪನಿಗೆ ಏನು ನಡೆಯಿತೆಂದೇ ತಿಳಿದಂತಿರಲಿಲ್ಲ. ಅಷ್ಟು ಜನರಲ್ಲಿ ನನ್ನೊಬ್ಬಳ ಕಡೆ ತಿರುಗಿ, ಬಿಡುವಿದ್ದ ಒಂದು ಕೈಯಲ್ಲೇ ನಮಸ್ಕಾರ ಮಾಡಿ, "ಬರ್ತೀನ್ರೀ ಅಕ್ಕೋರ," ಎಂದು ಹೋದ.

ಆರನೆಯ ದಿನ, ನಮ್ಮ ಮನೆಯ ಪಾತ್ರೆ ತಿಕ್ಕುವ ಸೇಡಂ ಕಡೆಯ ಮಲ್ಲಮ್ಮ ಹಿಗ್ಗುತ್ತ ಬಂದು, "ಅಕ್ಕೋರ, ಹೊಸಾ ಕೊಡಾ ತೊಗೊಂಡೀನ್ರಿ," ಅಂದಳು.

"ಯಾರ ಮನೀದು?" ಎಂದೆ ನಾನು, ಪೇಪರಿನಿಂದ ಕಣ್ಣೆತ್ತದೆ.

ಅವಳ ಮುಖ ಸಣ್ಣದಾಯಿತು. "ಅಯ್ಯ, ಯಾರ ಮನೀದಂದ್ರ? ಸಂತ್ಯಾಗ ರೊಕ್ಕಾ ಕೊಟ್ಟು ತೊಗೊಂಡೀನ್ರಿ. ನಾ ಏನ್ ಕಳ್ಳೀನ್ರೀ?"

ಪೇಪರು ನನ್ನ ಕೈಯಿಂದ ಜಾರಿತು. ಉರ್ದುವಿನಲ್ಲೇ ವ್ಯವಹಾರ ನಡೆಯುತ್ತಿದ್ದ ಕಚೇರಿಯಲ್ಲಿ ದುಡಿದ ನನ್ನ ತಂದೆಯ ಕಾಲದಿಂದ ನಮ್ಮ ಮನೆಯಲ್ಲಿ ಉಪ್ಪಿನಿಂದ ಬಂಗಾರದವರೆಗೆ ಎಲ್ಲವನ್ನೂ 'ಖರೀದಿ' ಮಾಡುತ್ತೇವೆ. 'ತೊಗೊಳ್ಳುವುದು' ಏನಿದ್ದರೂ ಔಷಧಿ, ಆಶೀರ್ವಾದ. ಶರಣಪ್ಪನ ಊರಿನಲ್ಲಿ ಕೊಂಡುಕೊಳ್ಳುವುದಕ್ಕೇ ತೊಗೊಳ್ಳುವುದು ಅನ್ನುತ್ತಾರೆ. ಕರ್ನಾಟಕದ ಉದ್ದಗಲಕ್ಕೂ ಹಾಗೇ ಅನ್ನುತ್ತಾರೆ, ನೀವೂ ಅನ್ನುತ್ತೀರಿ. ನನ್ನ ಕಿವಿಗೂ ಅದು ಗೊತ್ತಿದ್ದಿರಬೇಕು. ಇಳಕಲ್ ಸೀರೆ ಉಟ್ಟು ಕಟಕಟೆಯ ಪಕ್ಕ ನಿಂತ ಪಂಡಿತೆಗೆ ಮಾತ್ರ ಗೊತ್ತಿರಲಿಲ್ಲ. ನೀನೇ ಕೊಂಡೆಯಾ ಎಂದು ನಾನು ಕೇಳಿದ್ದೆ, ನಾನೇ ಕೊಂಡೆ ಎಂದು ಅವನು ಹೇಳಿದ್ದ, ಕೊಂಡ ಚೀಟಿಯೂ ಇದೆ ಎಂದಿದ್ದ. ಅವನು ಕದ್ದನೆಂದು ಹೇಳಿದವಳು ನಾನು.

ಈಗ ನೀವು ಕೇಳುತ್ತೀರಿ, ಆಗಲೇ ಓಡಿಹೋಗಿ ಹೇಳಲಿಲ್ಲವೇ ಎಂದು. ಓಡಲಿಲ್ಲ, ನಡೆದೆ. ಕೋರ್ಟಿನ ಗೇಟಿನವರೆಗೆ ನಡೆದು, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಪ್ಪು ಕೋಟು ತೊಟ್ಟು ಒಳಗೆ ಹೋಗುವುದನ್ನು ಕಂಡು, 'ಮೇಡಮ್‌ಗೆ ತಾಯಿನುಡಿಯೇ ಬರುವುದಿಲ್ಲವಂತೆ' ಎಂದು ಊರು ಆಡಿಕೊಳ್ಳುವುದನ್ನು ಕಲ್ಪಿಸಿಕೊಂಡು, ಹಿಂದಿರುಗಿ ಬಸ್ಸು ಹತ್ತಿದೆ. ಕೆಳಮನೆಯ ವಕೀಲರಿಗೂ ಹೇಳಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡೆ. ಆ ನಾಳೆಗಳನ್ನೆಲ್ಲ ಅವನು ಒಳಗೆ ಕಳೆದ.

ಆಮೇಲೆ ಶುರುವಾಯಿತು ನೋಡಿ ಹೆದರಿಕೆ. ನಮ್ಮ ಜನ ಯಾರ ಮನೆಯಿಂದ ಹೊರಡುವಾಗಲೂ 'ಹೋಗ್ತೀನಿ' ಅನ್ನುವುದಿಲ್ಲ. ಅದು ಅಪಶಕುನ, ಅಶುಭ. 'ಬರ್ತೀನಿ' ಎಂದೇ ಹೋಗುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಒಮ್ಮೆ ಒಂದು ಕ್ರಿಯಾಪದದಲ್ಲಿ ಎಡವಿದವಳಿಗೆ ಇನ್ನೊಂದರ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಬರ್ತೀನ್ರೀ ಅಕ್ಕೋರ. ತರಕಾರಿ ಹೆಚ್ಚುವಾಗ, ಮಲ್ಕಾಜ್‌ಗಿರಿ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಹಿಂದೆ ಯಾರದೋ ಹೆಜ್ಜೆ ಕೇಳಿದಾಗ, ಬಚ್ಚಲಿನ ಕಿಟಕಿಯ ಚಿಲಕ ಸಡಿಲವಾದಾಗ ಆ ಮಾತೇ ಕೇಳಿಸುತ್ತಿತ್ತು. ಕಿಟಕಿಗೆಲ್ಲ ಸರಳು ಹಾಕಿಸಿದೆ. ಆರಾಮಕುರ್ಚಿಯನ್ನು ನಾದಿನಿಗೆ ಕೊಟ್ಟುಬಿಟ್ಟೆ, ಅದು ಯಾಕೆಂದು ಇಂದಿಗೂ ಅವಳಿಗೆ ಗೊತ್ತಿಲ್ಲ.

ಕಳೆದ ತಿಂಗಳು ಮೇಲಿನ ಮನೆಯವರು ಬಾತ್‌ರೂಮ್ ಒಡೆಸಲು ತೊಡಗಿದರು. ಟೈಲ್ಸ್ ಕೊರೆಯುವ ಮಷೀನಿನ ಸದ್ದು ತಲೆಯ ಮೇಲೆ ಕರ್ರೆಂದು ಮೂರು ದಿನ ಕೇಳಿತು. ಮೂರು ದಿನವೂ ನನಗೆ ಅನ್ನ ಇಳಿಯಲಿಲ್ಲ. ನಾಲ್ಕನೆಯ ಮಧ್ಯಾಹ್ನ, ಪರದೆಯ ಮೇಲೆ ಜೈಲಿನಿಂದ ಬಿಟ್ಟವನೊಬ್ಬ ಕಿಟಕಿಯ ಗಾಜು ಒಡೆಯುವ ಹೊತ್ತಿಗೆ ಸರಿಯಾಗಿ ನಮ್ಮ ಹಕ್ಕಿ ಕಿಚಿಗುಟ್ಟಿತು. ಬೆಲ್ ಒತ್ತಿದವನು ಅವನಲ್ಲ ಎಂಬ ನೆಮ್ಮದಿಯಲ್ಲಿ ಬಾಗಿಲು ತೆರೆದೆ.

ತಲೆಗೂದಲ ತುಂಬ ಬಿಳಿ ಪುಡಿ ಮೆತ್ತಿಕೊಂಡಿದ್ದ ಆಳು, ನಮ್ಮ ಮನೆಯ ಚಾವಣಿಗೆ ನೀರು ಇಳಿದಿದೆಯೇ ನೋಡಬೇಕೆಂದು ಹರಕು ತೆಲುಗಿನಲ್ಲಿ ಕೇಳಿದ. ಆ ತೆಲುಗಿನೊಳಗಿದ್ದ ಕನ್ನಡ ಕೇಳಿ, "ಬಾರಪಾ, ನೋಡು," ಎಂದೆ. ಅವನು ನನ್ನ ಮುಖವನ್ನೇ ದಿಟ್ಟಿಸಿದ.

"ಅಕ್ಕೋರ! ನೀವಽ ಅಲ್ಲೇನ್ರಿ, ಕೋರ್ಟಿನ್ಯಾಗ..."

ಚಪ್ಪಲಿ ಹೊರಗೆ ಬಿಟ್ಟು, ಸೋಫಾ ಕೊಳೆಯಾದೀತೆಂದು ನೆಲದ ಮೇಲೆ ಕೂತ. ನಾನು ಗೋಡೆ ಹಿಡಿದು ನಿಂತಿದ್ದೆ. ಅವನು ನಗುತ್ತಿದ್ದ. "ಅವತ್ತ ಅಷ್ಟು ಮಂದ್ಯಾಗ ನನ್ನ ಮಾತು ತಿಳದವ್ರು ನೀವೊಬ್ಬರಽ ನೋಡ್ರಿ. ಒಳಗಿದ್ದಾಗ ಭಾಳ ಸಲ ನೆನಿಸೀನ್ರಿ ನಿಮ್ಮನ್ನ." ಕಿಸೆಯಿಂದ ಪ್ಲಾಸ್ಟಿಕ್ಕಿನಲ್ಲಿ ಮಡಿಸಿಟ್ಟ ಚೀಟಿಯೊಂದನ್ನು ತೆಗೆದು ನೆಲದ ಮೇಲೆ ಬಿಡಿಸಿಟ್ಟ. ಅಂಗಡಿಯ ಮುದ್ರೆ, ಮಷೀನಿನ ನಂಬರು, ಅವನ ಹೆಸರು, ಎಲ್ಲ ಇತ್ತು. "ಊರಿಗೆ ಹೋಗಿಲ್ರಿ ಅವತ್ತಿಂದ. ಕಳ್ಳ ಶರಣ್ಯಾ ಅಂತಾರ್ರಿ. ಅವ್ವನ ಮಣ್ಣಿಗೂ ಹೋಗಲಿಲ್ಲ. ಒಂದು ಕೇಳಬೇಕಿತ್ರೀ ಅಕ್ಕೋರ, ಚೀಟಿ ಐತಿ ಅಂತ ನಾ ಅಂದ್ರೂ ಆ ಸಾಹೇಬ್ರು ಯಾಕ ನೋಡಲಿಲ್ರಿ?"

ಏಳು ವರ್ಷ ನಾನು ಚಾಕುವಿಗೆ ಹೆದರಿದ್ದೆ. ಅವನು ಕೈಯಲ್ಲಿ ಹಿಡಿದು ಬಂದಿದ್ದು ಕೃತಜ್ಞತೆ. ತಪ್ಪನ್ನು ಆ ಸಾಹೇಬರ ಮೇಲೆ ಹಾಕಿ ಸುಮ್ಮನಾಗಬಹುದಿತ್ತು; ಅವನು ನಂಬುತ್ತಿದ್ದ, ನಂಬಿ ನಮಸ್ಕಾರ ಮಾಡಿ ಹೋಗುತ್ತಿದ್ದ. ಅದನ್ನು ಯೋಚಿಸಿದ್ದೂ ನಿಜ. ಆದರೆ ಆ ನಮಸ್ಕಾರವನ್ನು ಇನ್ನೊಮ್ಮೆ ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಹೇಳಿದೆ. ತೊಗೊಂಡದ್ದು, ಖರೀದಿ, ಸಾರಾಂಶ, ಮಲ್ಲಮ್ಮನ ಕೊಡ, ಕೋರ್ಟಿನ ಗೇಟು, ಎಲ್ಲವನ್ನೂ ಹೇಳಿದೆ.

ಅವನ ಮುಖದ ಮೇಲಿನ ನಗು ತಟ್ಟನೆ ಹೋಗಲಿಲ್ಲ. ಹೋಗಲು ದಾರಿ ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮೆಲ್ಲಗೆ ಕೇಳಿದ. "ಆರನೇ ದಿನಕ್ಕಽ ತಿಳೀತಂದ್ರಿ. ಮತ್ತ ಯಾಕ ಬರಲಿಲ್ರಿ?"

"ಅಂಜಿದೆ."

"ಯಾರಿಗ್ರಿ?"

ಒಳಗೆ ಹೋಗಿ ನೀರು ತಂದೆ. "ತೊಗೋ ಶರಣಪ್ಪಾ," ಎಂದೆ. ಆ ಶಬ್ದ ಬಾಯಿಂದ ಹೊರಬಿದ್ದಮೇಲೆ ನನಗೇ ಕೇಳಿಸಿತು.

ಅವನು ಲೋಟವನ್ನು ನೋಡಿದ. "ಬ್ಯಾಡ್ರಿ. ತೊಗೊಂಡಾನ ಅಂತ ಮತ್ತ ಬರಕೊಂಡಾರು."

ಚೀಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಕಿಸೆಗೆ ಹಾಕಿದ. ಬಾಗಿಲಿನಲ್ಲಿ ಚಪ್ಪಲಿ ಮೆಟ್ಟಿದ. ನಾನು ಕಾಯುತ್ತಿದ್ದೆ, ನಮ್ಮ ಜನ ಹೇಳುವ ಆ ಒಂದು ಮಾತಿಗಾಗಿ, ಅದು ಬೆದರಿಕೆಯೇ ಆಗಿರಲಿ ಎಂದು. ಅವನು ತಿರುಗದೆ, "ಹೋಗ್ತೀನಿ," ಎಂದ.

ಹಿಂದೊಂದು 'ರಿ' ಕೂಡ ಇರಲಿಲ್ಲ. ಇಷ್ಟು ವಯಸ್ಸಾಯಿತು, ನನ್ನ ಮನೆಯ ಹೊಸ್ತಿಲಲ್ಲಿ ನಿಂತು ಯಾರೂ ಆ ಮಾತನ್ನು ಹೇಳಿರಲಿಲ್ಲ. ಅದಕ್ಕೆ ಮಾತ್ರ ಭಾಷಾಂತರ ಬೇಕಾಗಲಿಲ್ಲ.

ಅಂದು ಸಂಜೆ ಪತಿಗೆ ಎಲ್ಲ ಹೇಳಿ, ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು, ಸಹಿ ಹಾಕಿ ಕೆಳಮನೆಯ ವಕೀಲರಿಗೆ ಕೊಟ್ಟೆ. ಅವರು ಎರಡು ಸಲ ಓದಿ, ಇದರಿಂದ ಕೇಸು ಮತ್ತೆ ತೆರೆಸಲು ಪ್ರಯತ್ನಿಸಬಹುದು, ಆದರೆ ಅವನ ಚೀಟಿ ಬೇಕು, ಅವನ ಸಹಿ ಬೇಕು ಎಂದರು. "ಅತನು ರಾವಾಲಿ ಮೇಡಮ್," ಅಂದರು, ಅವನು ಬರಬೇಕು. ಮೇಲಿನ ಮನೆಯವರನ್ನು ಕೇಳಿದರೆ, ಆ ಮೇಸ್ತ್ರಿ ಅರ್ಧಕ್ಕೇ ಕೆಲಸ ಬಿಟ್ಟು ಉಪ್ಪಲ್ ಕಡೆ ಹೋದನಂತೆ, ಫೋನು ಎತ್ತುವುದಿಲ್ಲವಂತೆ. ಉಪ್ಪಲ್‌ನಲ್ಲಿ ಬೆಳಿಗ್ಗೆ ಕೂಲಿಯವರು ಕೆಲಸಕ್ಕಾಗಿ ನಿಲ್ಲುವ ಅಡ್ಡಾಕ್ಕೆ ನಾಲ್ಕು ದಿನ ಹೋದೆ. "ಯಾವ ಶರಣಪ್ಪರೀ ಬಾಯಾರ? ಇಲ್ಲೆ ಅರ್ಧಾ ಮಂದಿ ಶರಣಪ್ಪಗೋಳಽ ಅದೀವಿ," ಎಂದು ಅವರು ನಕ್ಕರು. ಸಿನಿಮಾದಲ್ಲಿ ಜೈಲಿನಿಂದ ಬಂದವನು ಪಟ್ಟಿ ಹಿಡಿದು ಊರೆಲ್ಲ ಹುಡುಕುತ್ತಾನೆ. ಇಲ್ಲಿ ಒಂದೇ ಹೆಸರಿನ ಪಟ್ಟಿ ಹಿಡಿದು ಹುಡುಕುತ್ತಿರುವವಳು ನಾನು, ಅಡಗಿಕೊಂಡವನು ಅವನು.

ಈಗ ಮಧ್ಯಾಹ್ನ ಸಿನಿಮಾ ಹಾಕುವುದಿಲ್ಲ; ಸದ್ದಿನಲ್ಲಿ ಬೆಲ್ ಕೇಳಿಸದೆ ಹೋದೀತೆಂಬ ಭಯ. ಹಕ್ಕಿ ಕಿಚಿಗುಟ್ಟಿದೊಡನೆ ಚಪ್ಪಲಿಯನ್ನೂ ಮೆಟ್ಟದೆ ಓಡುತ್ತೇನೆ. ಹಾಲಿನವನು, ಗ್ಯಾಸಿನವನು, ಚಂದಾದವನು. ಬೆಲ್ ಒತ್ತಿದವನು ಅವನಲ್ಲ. ಒಂದು ಕಾಲಕ್ಕೆ ಈ ಮಾತಿನಿಂದ ನನಗೆ ಎಷ್ಟೊಂದು ಸಮಾಧಾನವಾಗುತ್ತಿತ್ತು.