ಎದುರುಮನೆ ಕ್ಯಾಪ್ಟನ್ನರ ನಿದ್ದೆ

ಸ್ಕೂಟರಿನ ಮುಂದೆ ನೆಟ್ಟಗೆ ನಿಂತು, ಹೆಂಡತಿ ಓದುವ ಪಟ್ಟಿಗೆ ಒಂದೊಂದಾಗಿ ಉತ್ತರ ಕೊಟ್ಟ ಮೇಲಷ್ಟೇ ಕಿಕ್ಕರ್ ಒದೆಯುತ್ತಿದ್ದ ಮನುಷ್ಯರನ್ನು ನಾನು ನೋಡಿರುವುದು ಒಬ್ಬರನ್ನೇ. ಅವರು ನಮ್ಮ ಎದುರುಮನೆಯ ಪೈಲಟ್, ಕ್ಯಾಪ್ಟನ್ ಶಿವಲಿಂಗಪ್ಪನವರು.

"ಪೆಟ್ರೋಲ್?" ಎಂದು ಅವರ ಹೆಂಡತಿ ಸರೋಜಮ್ಮ ಬಾಗಿಲಲ್ಲಿ ನಿಂತು ರಟ್ಟಿನ ಕಾರ್ಡು ನೋಡಿಕೊಂಡು ಕೇಳುವರು. ಕ್ಯಾಪ್ಟನ್ ಟ್ಯಾಂಕಿನ ಮುಚ್ಚಳ ತೆಗೆದು, ಬಗ್ಗಿ ನೋಡಿ, "ಆಯ್ತು" ಎನ್ನುವರು. "ಬ್ರೇಕು?" ಒತ್ತಿ ನೋಡಿ, "ಆಯ್ತು." "ಸ್ಟೆಪ್ನಿ?" ತಟ್ಟಿ ನೋಡಿ, "ಆಯ್ತು." "ಚೀಲ?" ಚೀಲವನ್ನು ಎತ್ತಿ ತೋರಿಸಿ, "ಆಯ್ತು." ಇಷ್ಟೆಲ್ಲ ಆಗಿ ಅವರು ಹೊರಡುತ್ತಿದ್ದುದು ಎರಡು ಕ್ರಾಸ್ ಆಚೆಯಿಂದ ಕೊತ್ತಂಬರಿ ಸೊಪ್ಪು ತರಲಿಕ್ಕೆ.

ಅದು ಎಂಬತ್ತರ ದಶಕ. ರಾಜಾಜಿನಗರದ ಮೂರನೇ ಬ್ಲಾಕಿನಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಇದ್ದದ್ದು ಐದು ಮೆಷಿನ್ನು, ಅದರಲ್ಲಿ ಒಂದು ಸದಾ ರಿಪೇರಿ. ಬೇರೆಯವರ ತಪ್ಪು ಹಿಡಿಯುವುದೇ ನನ್ನ ಹೊಟ್ಟೆಪಾಡಾದ್ದರಿಂದ, ಕಿಟಕಿಯಿಂದ ಕಾಣುವ ಈ ನಾಟಕವನ್ನೂ ನಾನು ಸುಮ್ಮನೆ ಬಿಡಲಿಲ್ಲ. ಒಂದು ದಿನ ಕೇಳಿಯೇ ಬಿಟ್ಟೆ. "ಕ್ಯಾಪ್ಟನ್ ಸಾರ್, ಸೊಪ್ಪು ತರೋಕ್ಕೂ ಇಷ್ಟೊಂದು ಪೂಜೆ ಯಾಕೆ?"

ಅವರು ನಗಲಿಲ್ಲ. "ಓದೋರು ಬೇರೆ, ಮಾಡೋರು ಬೇರೆ ಇರ್ಬೇಕು ಮೇಡಂ. ಓದೋರು ಓದ್ಬೇಕು, ಮಾಡೋರು ಮುಟ್ಟಿ ನೋಡ್ಬೇಕು, ಆಮೇಲೆ ‘ಆಯ್ತು’ ಅನ್ಬೇಕು. ಕಣ್ಣು ನೋಡ್ದೆ ಬಾಯಿ ಆಯ್ತು ಅಂದ್ಬಿಡ್ತು ಅಂತಿಟ್ಕೊಳಿ, ನಮ್ಮ ಕಸುಬಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ದಿನಾ ಮಾಡಿದ್ದನ್ನೇ ಮಾಡ್ತೀವಲ್ಲ, ಬಾಯಿಗೆ ಅಭ್ಯಾಸ ಆಗೋಗಿರತ್ತೆ. ಅದಕ್ಕೇ ಸ್ಕೂಟರ್ ಮೇಲೂ ಪ್ರಾಕ್ಟೀಸ್ ಮಾಡ್ತೀನಿ."

ಪೈಲಟ್ ಎಂದರೆ ನಮ್ಮ ಬೀದಿಯವರ ಕಣ್ಣಿಗೆ ವಿದೇಶಿ ಸೂಟ್‌ಕೇಸು, ಸೆಂಟಿನ ಬಾಟಲಿ. ಕ್ಯಾಪ್ಟನ್ನರ ಮನೆಯಲ್ಲಿ ಅವೆರಡೂ ಇರಲಿಲ್ಲ. ಅವರು ಕೆಲಸಕ್ಕಿದ್ದುದು ಸಣ್ಣ ಸಣ್ಣ ಊರುಗಳಿಗೆ ಹಾರುವ ಒಂದು ಪುಟ್ಟ ಕಂಪನಿಯಲ್ಲಿ. "ವಿಮಾನ ಅನ್ಬೇಡಿ ಮೇಡಂ, ರೆಕ್ಕೆ ಕಟ್ಟಿರೋ ಮೆಟಡಾರ್ ಅದು" ಎನ್ನುತ್ತಿದ್ದರು. ಪ್ರಯಾಣಿಕರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗುವುದು, ಅವರ ಪೆಟ್ಟಿಗೆ ಎತ್ತಿಡುವುದು, ಇಳಿಯುವ ಮುಂಚೆ ಮೇಲೊಂದು ಸುತ್ತು ಹಾಕಿ ರನ್‌ವೇ ಮೇಲಿನ ಎಮ್ಮೆಗಳನ್ನು ಓಡಿಸುವುದು, ಎಲ್ಲವೂ ಇವರದೇ ಪಾಲು. ಒಮ್ಮೆ ಹಿಂದಿನ ಸೀಟಿನ ಯಜಮಾನರೊಬ್ಬರು ಇವರ ಭುಜ ತಟ್ಟಿ, "ಸ್ವಲ್ಪ ಸ್ಲೋ ಮಾಡಪ್ಪ, ಕೆಳಗೆ ನಮ್ಮ ತೋಟದ ಬಾವಿ ಕಾಣ್ತಿದೆ" ಎಂದಿದ್ದರಂತೆ. "ನಿಲ್ಸು ಅಂತ ಕೇಳ್ಲಿಲ್ವಲ್ಲ, ಅದೇ ಪುಣ್ಯ" ಎಂದು ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವರು ನಗುತ್ತ ಮಾತಾಡದ ವಿಷಯ ಒಂದೇ ಒಂದಿತ್ತು. ಅದು ನಿದ್ದೆ. ದಿನಕ್ಕೆ ಆರು ಸಲ ಏರಿ, ಆರು ಸಲ ಇಳಿದು, ರಾತ್ರಿ ಬಂದವರು ಬೆಳಕು ಹರಿಯುವ ಮುಂಚೆ ಮತ್ತೆ ಹೊರಡಬೇಕಿತ್ತು. ವಿಮಾನ ನಿಲ್ದಾಣವಿದ್ದದ್ದು ಊರಿನ ಆ ತುದಿಗೆ, ನಮ್ಮ ರಾಜಾಜಿನಗರ ಈ ತುದಿಗೆ. ಉಳಿದ ಪೈಲಟ್‌ಗಳೆಲ್ಲ ದಾರಿಯಲ್ಲೇ ಸಿಗುವವರು. ಕಂಪನಿಯ ವ್ಯಾನು ಎಲ್ಲರ ಮನೆ ಸುತ್ತಿ, ಮೆಜೆಸ್ಟಿಕ್ ದಾಟಿ ಬರುವುದರಿಂದ ಕೊನೆಗೆ ಇಳಿಯುವವರೂ ಇವರೇ, ಬೆಳಿಗ್ಗೆ ಮೊದಲು ಹತ್ತುವವರೂ ಇವರೇ.

"ಬಿಡುವು ಹತ್ತು ಗಂಟೆ ಅಂತ ಕಾಂಟ್ರಾಕ್ಟಲ್ಲಿ ಇದೆ ಮೇಡಂ. ಆದ್ರೆ ಎಲ್ಲಿಂದ ಎಲ್ಲೀವರೆಗೆ ಗೊತ್ತಾ? ಇಂಜಿನ್ ಆಫ್ ಆದಾಗಿಂದ ಇಂಜಿನ್ ಆನ್ ಆಗೋವರ್ಗೂ. ಅಂದ್ರೆ ರೆಸ್ಟು ಇಂಜಿನ್ನಿಗೆ, ನನಗಲ್ಲ. ನಮ್ಮಪ್ಪ ಇಲ್ಲೇ ಫ್ಯಾಕ್ಟರೀಲಿದ್ರು. ಸೈರನ್ ಹೊಡೀತು ಅಂದ್ರೆ ಕೆಲಸ ಮುಗೀತು, ಹತ್ತು ನಿಮಿಷಕ್ಕೆ ಮನೇಲಿರೋರು. ನನಗೆ ಸೈರನ್ನೇ ಇಲ್ಲ ನೋಡಿ."

ಆ ಫ್ಯಾಕ್ಟರಿಯ ಅಪ್ಪ ಕಟ್ಟಿಸಿದ ಮನೆಯೇ ಅದು. ಅದರ ಗೇಟಿಗೆ ಸರೋಜಮ್ಮ ಒಂದು ತಗಡಿನ ಬೋರ್ಡು ತೂಗುಹಾಕುತ್ತಿದ್ದರು. ಒಂದೇ ಪದ: "ಮಲಗಿದ್ದಾರೆ." ಬೋರ್ಡು ಇದ್ದ ದಿನ ಸೊಪ್ಪಿನ ಗೌರಮ್ಮ ನಮ್ಮ ಮನೆಯವರೆಗೆ ಕೂಗಿಕೊಂಡು ಬಂದು, ಅಲ್ಲಿಂದ ಬಾಯಿ ಮುಚ್ಚಿಕೊಂಡು, ಆಚೆಮನೆ ದಾಟಿದ ಮೇಲೆ ಮತ್ತೆ "ದಂಟೂ, ಮೆಂತ್ಯಾ" ಎಂದು ಶುರುಮಾಡುತ್ತಿದ್ದಳು. ನಾನೂ ಹುಡುಗಿಯರಿಗೆ ಟೈಪಿಂಗ್ ಬಿಡಿಸಿ ಶಾರ್ಟ್‌ಹ್ಯಾಂಡ್ ಹೇಳಿಕೊಡುತ್ತಿದ್ದೆ. ಇಡೀ ಕ್ರಾಸಿನ ಟೈಮ್‌ಟೇಬಲ್ ಒಬ್ಬ ಮನುಷ್ಯನ ನಿದ್ದೆಯ ಮೇಲೆ ನಿಂತಿತ್ತು.

ವರ್ಷಕ್ಕೊಮ್ಮೆ ಕಾಂಟ್ರಾಕ್ಟ್ ಹೊಸದಾಗುವ ಸಮಯ ಬಂತು. ಕಂಪನಿಯಲ್ಲಿದ್ದ ಹತ್ತು ಹದಿನೈದು ಪೈಲಟ್‌ಗಳು ಸೇರಿ ತಮ್ಮ ಪರವಾಗಿ ಮಾತಾಡಲು ಇವರನ್ನೇ ಆರಿಸಿದರು. ಬೇಡಿಕೆಗಳ ಪಟ್ಟಿ ಟೈಪ್ ಮಾಡಿದವಳು ನಾನು. ಸಣ್ಣ ನಿಲ್ದಾಣಗಳಲ್ಲಿ ಕುಡಿಯುವ ನೀರು, ಕಕ್ಕಸು, ಪೆಟ್ಟಿಗೆ ಹೊರಲು ಒಬ್ಬ ಆಳು. ಎಲ್ಲಕ್ಕಿಂತ ಮೇಲೆ, ಬಿಡುವಿನ ಲೆಕ್ಕ ಪೈಲಟ್ ತನ್ನ ಮನೆ ತಲುಪಿದ ಮೇಲೆ ಶುರುವಾಗಬೇಕು. ನೀರಿಗೂ ಕಕ್ಕಸಿಗೂ ಮ್ಯಾನೇಜರ್ ವಾಸುದೇವ ರಾಯರು ಒಪ್ಪಿದರು. ಮನೆಯ ವಿಷಯಕ್ಕೆ ಮಾತ್ರ, "ವ್ಯಾನಲ್ಲಿ ಸುಮ್ನೆ ಕೂತೇ ಇರ್ತೀರಲ್ರೀ, ಅದೂ ರೆಸ್ಟೇ ತಾನೇ?" ಎಂದು ಮೂರು ಮೀಟಿಂಗಿನಲ್ಲೂ ಕೇಳಿದರು.

ಕ್ಯಾಪ್ಟನ್ ಜಗಳ ಆಡಲಿಲ್ಲ. "ನಾಲ್ಕನೇ ಮೀಟಿಂಗ್ ನಮ್ಮನೇಲಿ ಇಟ್ಕೊಳಣ ಸಾರ್, ಭಾನುವಾರ ಊಟಕ್ಕೆ ಬನ್ನಿ. ನಮ್ಮ ವ್ಯಾನೇ ಕರ್ಕೊಂಡ್ ಬರತ್ತೆ" ಎಂದರು. ರಾಯರು ಒಪ್ಪಿಕೊಂಡರು. ವ್ಯಾನು ದಿನದ ರೂಢಿಯಂತೆ ಏರ್‌ಪೋರ್ಟಿನಿಂದ ಹೊರಟು, ಒಂದೊಂದು ಪೈಲಟ್ ಮನೆಯ ಮುಂದೂ ನಿಂತು, ಹಾರ್ನ್ ಹೊಡೆದು, ಮತ್ತೆ ಹೊರಟು, ಮೆಜೆಸ್ಟಿಕ್ಕಿನ ಬಸ್ಸುಗಳ ನಡುವೆ ಸಿಕ್ಕಿಕೊಂಡು, ಕಾರ್ಡ್ ರೋಡಿನ ಎಲ್ಲ ಹಳ್ಳಗಳಲ್ಲೂ ಇಳಿದೆದ್ದು ನಮ್ಮ ಕ್ರಾಸಿಗೆ ಬಂದಾಗ ರಾಯರ ಟೈ ಬೆನ್ನ ಕಡೆಗೆ ತಿರುಗಿತ್ತು.

ಸರೋಜಮ್ಮ ಹೋಳಿಗೆ ಮಾಡಿದ್ದರು. ಮಾತುಕತೆ ಬರೆದುಕೊಳ್ಳಲು ನಾನು ಮೆಷಿನ್ನಿಗೆ ಕಾಗದ ಏರಿಸಿ ಅವರ ನಡುಮನೆಯಲ್ಲಿ ಕೂತಿದ್ದೆ. ರಾಯರು ಮೂರು ಹೋಳಿಗೆ ಮುಗಿಸಿ, ಬೆತ್ತದ ಕುರ್ಚಿಯಲ್ಲಿ ಕೂತು, "ಈಗ ಪಾಯಿಂಟಿಗೆ ಬರೋಣ" ಎಂದರು. ಅಷ್ಟೇ, ಗೊರಕೆ ಶುರುವಾಯಿತು. ಕ್ಯಾಪ್ಟನ್ ತುಟಿಯ ಮೇಲೆ ಬೆರಳಿಟ್ಟು ನನ್ನ ಕೈ ತಡೆದರು. ಎದ್ದು ಹೋಗಿ ಗೇಟಿಗೆ ಬೋರ್ಡು ತೂಗುಹಾಕಿ ಬಂದರು. ಒಂದೂವರೆ ಗಂಟೆ ನಾವು ಮೂವರೂ ಗೋಡೆ ನೋಡುತ್ತ ಕೂತಿದ್ದೆವು. ನನಗೆ ನಗು ತಡೆದು ತಡೆದು ಪಕ್ಕೆ ನೋವು ಬಂತು.

ರಾಯರು ಗಾಬರಿಯಿಂದ ಎದ್ದರು. "ಸಾರಿ, ಸಾರಿ. ಆ ವ್ಯಾನಲ್ಲಿ ಕೂತೂ ಕೂತೂ ಸುಸ್ತಾಗ್ಬಿಟ್ಟಿತ್ತು."

"ಮೇಡಂ," ಎಂದರು ಕ್ಯಾಪ್ಟನ್, ಮುಖದಲ್ಲಿ ಒಂದು ಗೆರೆಯೂ ಅಲುಗದೆ, "ಸಾಹೇಬ್ರು ಈಗ ಹೇಳಿದ್ದನ್ನ ಹಾಗ್ ಹಾಗೇ ಟೈಪ್ ಮಾಡ್ಕೊಳಿ."

ರಾಯರು ಒಳ್ಳೆಯವರು, ಹೇಳಬೇಕು. ಜೋರಾಗಿ ನಕ್ಕರು. "ಹೋಳಿಗೆ ಹಾಕಿ ಕೆಡವಿದ್ರಲ್ರೀ!" ಎಂದು ಕರಡಿನ ಅಂಚಿನಲ್ಲಿ "ಮನೆ ತಲುಪಿದ ಮೇಲೆ" ಎಂದು ತಮ್ಮ ಕೈಯಲ್ಲೇ ಬರೆದು ಸಹಿ ಹಾಕಿದರು. ಸಂಜೆ ಟ್ಯಾಕ್ಸಿ ಹಿಡಿದು ಹೋದರು.

ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲವೇನೋ. ಮೂರು ವಾರದ ಮೇಲೆ ಹೆಡ್ಡಾಫೀಸಿನಿಂದ ಹೊಸ ಕಾಂಟ್ರಾಕ್ಟ್ ಟೈಪಾಗಿ ಬಂತು. ಕ್ಯಾಪ್ಟನ್ ಆರು ಸಲ ಹಾರಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದಿದ್ದರು. ಸಹಿಯಾದ ಕಾಗದ ಹಿಂದಕ್ಕೆ ಒಯ್ಯಲು ವ್ಯಾನು ಬಾಗಿಲಲ್ಲೇ ನಿಂತಿತ್ತು. "ಓದಿ ಮೇಡಂ" ಎಂದರು. ಹೊಸ ಪ್ರತಿ ಅವರ ಕೈಯಲ್ಲಿತ್ತು. ನಾನು ನನ್ನ ಹಳೆಯ ಕಾರ್ಬನ್ ಪ್ರತಿಯಿಂದ ಓದಿದೆ. "ಕುಡಿಯುವ ನೀರು?" "ಆಯ್ತು." "ಕಕ್ಕಸು?" "ಆಯ್ತು." "ಬಿಡುವು, ಮನೆ ತಲುಪಿದ ಮೇಲೆ?" "ಆಯ್ತು." ಹೊಸ ಪ್ರತಿಯಲ್ಲಿ ಆ ಜಾಗದಲ್ಲಿ ಇದ್ದದ್ದು "ಕಂಪನಿ ಗೊತ್ತುಮಾಡಿದ ನಿವಾಸ ತಲುಪಿದ ಮೇಲೆ" ಎಂದು. ಅವರ ಕಣ್ಣು ಕಾಗದದ ಮೇಲಿತ್ತು, ನೋಡಲಿಲ್ಲ. ಬಾಯಿ ಹೇಳಿತು. ಅವರು ಸಹಿ ಹಾಕಿದರು.

ಉಳಿದ ಪೈಲಟ್‌ಗಳಿಗೆ ತೊಂದರೆಯೇನೂ ಆಗಲಿಲ್ಲ. ಅವರವರ ಮನೆಯನ್ನೇ ಕಂಪನಿ ನಿವಾಸವೆಂದು ಬರೆದುಕೊಂಡಿತು, ಅವರಿಗೆಲ್ಲ ಹತ್ತು ಗಂಟೆ ಪೂರ್ತಿ ಬಿಡುವು ಸಿಕ್ಕಿತು. ಎರಡು ತಿಂಗಳಿಗೆ ಕ್ಯಾಪ್ಟನ್ನರಿಗೆ ಮಾತ್ರ ದೂರದ ಊರಿಗೆ ವರ್ಗವಾಯಿತು. ಅಲ್ಲಿ ಅವರಿಗೆ ಗೊತ್ತುಮಾಡಿದ ನಿವಾಸ ರನ್‌ವೇ ಬೇಲಿಗೆ ಅಂಟಿಕೊಂಡ ಕ್ವಾರ್ಟರ್ಸು. ಇಂಜಿನ್ ಆಫ್ ಆದ ಐದು ನಿಮಿಷಕ್ಕೇ ನಿವಾಸ ತಲುಪಿದ ಲೆಕ್ಕ, ಬೇರೆ ಕಡೆ ಉಳಿಯುವ ಹಾಗಿಲ್ಲ. ಸಹಿ ಮಾಡಿದ ಕಾಗದದ ಪ್ರತಿ ತರಿಸಿ ನೋಡಿದಾಗಲೇ ನಮಗಿಬ್ಬರಿಗೂ ಗೊತ್ತಾದದ್ದು. ಊರಿನವರ ತಪ್ಪನ್ನೆಲ್ಲ ಕೆಂಪು ಇಂಕಿನಲ್ಲಿ ಸುತ್ತುವ ನಾನು, ಎದುರಿಗಿದ್ದ ಪ್ರತಿಯನ್ನು ಬಿಟ್ಟು ನನ್ನ ಪ್ರತಿ ಓದಿದ್ದೆ. ಅವರ ಮನೆಗೆ ಹೋಗಿ ಅತ್ತುಬಿಟ್ಟೆ.

"ಅಯ್ಯೋ, ಅಳ್ಬೇಡಿ ಮೇಡಂ. ಓದೋರು ಓದಿದ್ರು, ನೋಡೋನು ನೋಡ್ಲಿಲ್ಲ. ತಪ್ಪು ನಂದು," ಎಂದರು. ಆಮೇಲೆ ನನ್ನನ್ನು ನಗಿಸಲೆಂದೇ, "ಆದ್ರೂ ನೋಡಿ, ನಿದ್ದೆ ಇಲ್ದಿದ್ರೆ ಪೈಲಟ್ ತಪ್ಪು ಮಾಡ್ತಾನೆ ಅಂತ ಮೂರು ತಿಂಗಳಿಂದ ಬಾಯ್ ಬಡ್ಕೊತಿದ್ದೆ. ಈಗ ಸಾಕ್ಷಿ ಸಮೇತ ತೋರ್ಸಿದೀನಿ" ಎಂದರು. ಅವರು ನಗುತ್ತಿದ್ದರು. ಸರೋಜಮ್ಮ ನಗಲಿಲ್ಲ.

ಹೊರಡುವ ದಿನ ಲಾರಿಗೆ ಸಾಮಾನು ಏರಿದ ಮೇಲೆ ಕ್ಯಾಪ್ಟನ್ ರಟ್ಟಿನ ಕಾರ್ಡೊಂದನ್ನು ನನ್ನ ಕೈಗಿತ್ತರು. "ಇವತ್ತು ನೀವೇ ಓದಿ." ನಾನು ಈ ಸಲ ಕಾರ್ಡಿನಿಂದ ಕಣ್ಣು ಕೀಳಲಿಲ್ಲ. "ಗ್ಯಾಸು?" ಒಳಗೆ ಹೋಗಿ, ಮುಟ್ಟಿ, ಬಂದು, "ಆಯ್ತು." "ನಲ್ಲಿ?" "ಆಯ್ತು." "ಬೀಗ?" ಎರಡು ಸಲ ಎಳೆದು ನೋಡಿ, "ಆಯ್ತು." ಕೊನೆಯ ಸಾಲಿನಲ್ಲಿ "ಬೋರ್ಡು" ಎಂದಿತ್ತು. ಓದಿದೆ. ಅವರು ಗೇಟಿನಲ್ಲಿ ಇನ್ನೂ ತೂಗುತ್ತಿದ್ದ ಬೋರ್ಡಿಗೆ ಕೈ ಹಾಕಿದರು. ತೆಗೆಯುತ್ತಾರೆಂದುಕೊಂಡೆ, ತೆಗೆಯಲಿಲ್ಲ. "ಅದು ಇರ್ಲಿ" ಎಂದು ಲಾರಿ ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮಾರನೆಯ ಬೆಳಿಗ್ಗೆ ಸೊಪ್ಪಿನ ಗೌರಮ್ಮ ಬಂದಳು. ಲಾರಿ ಹೋದದ್ದನ್ನು ಅವಳೂ ನೋಡಿದ್ದಳು, ಬೀಗವೂ ಕಣ್ಣೆದುರಿಗೇ ಇತ್ತು. ಆದರೂ ನಮ್ಮ ಮನೆಯ ಮುಂದೆ ಬಂದವಳು ಬಾಯಿ ಮುಚ್ಚಿಕೊಂಡಳು.

"ಯಾರೂ ಇಲ್ವಲ್ಲೇ, ಕೂಗು" ಎಂದೆ.

"ಬೋರ್ಡ್ ಐತಲ್ಲಮ್ಮ," ಎಂದು ಪಿಸುಗುಟ್ಟಿ, ಆಚೆಮನೆಯವರೆಗೂ ಸದ್ದಿಲ್ಲದೆ ನಡೆದು ಹೋದಳು. ನಾನು ಒಳಗೆ ಬಂದು ಹುಡುಗಿಯರಿಗೆ ಟೈಪಿಂಗ್ ಬಿಡಿಸಿ, ಶಾರ್ಟ್‌ಹ್ಯಾಂಡ್ ಪುಸ್ತಕ ತೆಗೆಯಲು ಹೇಳಿದೆ.