ಪಾಲು, ನೀರುಪಾಲು

ಈ ಬೇಸಿಗೆಯಲ್ಲಿ ಹಿಂದೂಪುರದ ನಮ್ಮ ಮನೆಯ ಮಡಕೆ ನೀರಿಗೆ ಅದೆಂಥ ಘಮವೆನ್ನುತ್ತೀರಿ! ಲಾವಂಚದ ಬೇರು ಹಾಕಿದ ನೀರು. ಬಂದವರೆಲ್ಲ ಇನ್ನೊಂದು ಲೋಟ ಕೇಳಿ ಕುಡಿಯುತ್ತಾರೆ. ನನಗೆ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಈ ಬೇರು ಅಂಗಡಿಯದಲ್ಲ, ಕಂಬದೂರಿನ ಕಡೆ ಇರುವ ನಮ್ಮ ಚಿಕ್ಕಮ್ಮನ ಹೊಲದ್ದು. ಅದು ಅಲ್ಲಿಯೇ, ನೆಲದೊಳಗೇ ಇರಬೇಕಿತ್ತು.

ಆ ಹೊಲ ಗುಡ್ಡದ ಮಗ್ಗುಲಿನ ಇಳಿಜಾರು. ಗುಡ್ಡದ ಕಡೆ ಬರೀ ಕಲ್ಲುಗರಸು, ಕೆಳಗೆ ಹಳ್ಳದ ಕಡೆ ಒಳ್ಳೆಯ ಕೆಂಪುಮಣ್ಣು. ಚಿಕ್ಕಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಜೋರು ಮಳೆ ಬಂದರೆ ಸಾಕು, ಮಣ್ಣೆಲ್ಲ ಹಳ್ಳಕ್ಕೆ ಇಳಿದುಹೋಗುತ್ತಿತ್ತಂತೆ. ಅವಳು ಇಳಿಜಾರಿಗೆ ಅಡ್ಡಲಾಗಿ, ಈ ಬದುವಿನಿಂದ ಆ ಬದುವಿನವರೆಗೆ ಲಾವಂಚದ ಸಾಲುಗಳನ್ನು ನೆಟ್ಟಳು. ಹೊಲದ ನಡುವೆ ಯಾರಾದರೂ ಬೇಲಿ ಹಾಕುತ್ತಾರೆಯೇ ಎಂದು ಊರು ನಕ್ಕಿತು. ಬೇಲಿಯೆಂದರೆ ನಮಗೆಲ್ಲ ಹೊರಗಿನದು ಒಳಗೆ ಬರದಂತೆ ತಡೆಯುವುದು. ಇವಳದು ಒಳಗಿನದು ಹೊರಗೆ ಹೋಗದಂತೆ ಹಿಡಿದುಕೊಳ್ಳುವ ಬೇಲಿ. ಹರಿದು ಬಂದ ನೀರು ಆ ಹುಲ್ಲಿನ ಬುಡದಲ್ಲಿ ಕಾಲು ಸೋತು ನಿಂತು, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ, ತಿಳಿಯಾಗಿ ಮುಂದೆ ಹೋಗುತ್ತಿತ್ತು. ವರ್ಷ ವರ್ಷವೂ ಮಣ್ಣು ಕೂತು ಹೊಲ ಮೆಟ್ಟಿಲು ಮೆಟ್ಟಿಲಾಯಿತು. ಅವಳ ಇಬ್ಬರು ಗಂಡುಮಕ್ಕಳನ್ನು ಸಾಕಿದ್ದು ಆ ಮಣ್ಣಿನ ಕಡಲೆಕಾಯಿಯೇ.

ಈ ಯುಗಾದಿ ಕಳೆದ ಮೇಲೆ ಆ ಮಕ್ಕಳು ಹೊಲ ಪಾಲು ಮಾಡಿಕೊಂಡರು. ಜಗಳವಿಲ್ಲ, ಪಂಚಾಯ್ತಿಯಿಲ್ಲ. ಅಡ್ಡಕ್ಕೆ ಹಂಚಿದರೆ ಒಬ್ಬನಿಗೆ ಬರೀ ಗರಸು, ಇನ್ನೊಬ್ಬನಿಗೆ ಬರೀ ಒಳ್ಳೆ ಮಣ್ಣು ಬರುತ್ತದೆಂದು, ನಮ್ಮ ಕಡೆ ಎಲ್ಲರೂ ಮಾಡುವಂತೆ, ಗುಡ್ಡದಿಂದ ಹಳ್ಳದವರೆಗೆ ಉದ್ದಕ್ಕೆ ಸೀಳಿದರು. ಇಬ್ಬರಿಗೂ ‘ಸಮಂಗಾ’ ಬಂತೆಂದು ತೆಲುಗಿನಲ್ಲಿ ಹೇಳಿಕೊಂಡು ಹಿಗ್ಗಿದರು. ಪಟ್ಟಿ ಕಿರಿದಾದ ಮೇಲೆ ಟ್ರ್ಯಾಕ್ಟರು ಅಡ್ಡಡ್ಡ ತಿರುಗಲು ಜಾಗವೆಲ್ಲಿ? ಮೇಲಿಂದ ಕೆಳಕ್ಕೇ ಉಳಬೇಕು, ಉಳುವುದಕ್ಕೆ ಲಾವಂಚದ ಸಾಲು ಅಡ್ಡಿ. ಎಲ್ಲವನ್ನೂ ಕಿತ್ತರು. ಬೇರು ಚೆನ್ನಾಗಿದೆಯೆಂದು ನನಗೂ ಒಂದು ಚೀಲ ಕಳಿಸಿದರು.

ಮೊನ್ನೆ ಮೊದಲ ಜೋರು ಮಳೆ ಬಿತ್ತು. ಮಾರನೆಯ ದಿನ ಬಸ್ಸು ಹಿಡಿದು ಹೋದೆ. ಪಾಲಿನ ಗೆರೆಯೇ ನೀರಿಗೆ ದಾರಿಯಾಗಿ, ಹೊಲದ ಉದ್ದಕ್ಕೂ ಆಳದ ಕೊರಕಲು ಬಿದ್ದಿತ್ತು. ನಮ್ಮ ಮಾತೂ ವಿಚಿತ್ರ ನೋಡಿ: ಮಕ್ಕಳಿಗೆ ಹಂಚಿದರೂ ಪಾಲು, ಹಳ್ಳಕ್ಕೆ ಕೊಚ್ಚಿಹೋದರೂ ನೀರುಪಾಲು. ಮೂರನೆಯ ಪಾಲುದಾರ ಯಾರನ್ನೂ ಕೇಳದೆ ಬಂದು ಒಯ್ದಿದ್ದ. ನನಗೆ ಅಳು ಬಂತು.

ಮಕ್ಕಳನ್ನು ಬೈಯಬಾರದಿತ್ತೇ ಎಂದು, ಹಳ್ಳದ ಬಳಿಯಿದ್ದ ಚಿಕ್ಕಮ್ಮನನ್ನು ಕೇಳಿದೆ.

“ಜಗಳ ಆಡಿ ಕಿತ್ತಿದ್ರೆ ಬೈಬೋದಾಗಿತ್ತು ಕಣಮ್ಮ. ಒಬ್ರಿಂದ ಒಬ್ರಿಗೆ ಮೋಸ ಆಗ್ಬಾರ್ದು ಅಂತ ಕಿತ್ತವ್ರೆ. ಏನಂತ ಬೈಲಿ?”

ಹಳ್ಳದ ಅಂಚಿನಲ್ಲಿ ಕೂತಿದ್ದ ಮಣ್ಣನ್ನು ಅವಳು ಮಂಕರಿಗೆ ತುಂಬಿ, ತಲೆಯ ಮೇಲಿಟ್ಟು ಹೊಲಕ್ಕೆ ಹತ್ತತೊಡಗಿದಳು. ನಾನೂ ಹಿಂದೆ ನಡೆದೆ. ಕೊರಕಲಿನ ಪಕ್ಕ ಬಂದು ನಿಂತು ಆ ಕಡೆ ನೋಡಿದಳು, ಈ ಕಡೆ ನೋಡಿದಳು.

“ಇದು ದೊಡ್ಡೋನ ಮಣ್ಣೋ ಚಿಕ್ಕೋನ ಮಣ್ಣೋ, ನಂಗೆಂಗೆ ಗೊತ್ತಾಯ್ತದೆ ಕಣಮ್ಮ?”

ಮಂಕರಿ ಇಳಿಸಲು ಕೈ ಕೊಟ್ಟೆ. ಅವಳು ಇಳಿಸಲಿಲ್ಲ.